ಚಿಕ್ಕಮ್ಮನ ಮಲ್ಲಿಗೆ ಚೆಂಡು ದಪ್ಪವಾದ ವರ್ಷ

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಯಾವುವು ಎಂದು ಗೊತ್ತಿದ್ದರೆ ಈಗಲೇ ತಿದ್ದುತ್ತಿದ್ದೆ. ನನ್ನ ನೆನಪಿನಲ್ಲಿ ಆ ಪಂಚಾಯತು ಚುನಾವಣೆ ಬಂದದ್ದು ಕಡು ಸೆಕೆಯಲ್ಲಿ. ಚಿಕ್ಕಮ್ಮನ ಅಂಗಳದಲ್ಲಿ ಕುಳಿತ ಹೆಂಗಸರೆಲ್ಲ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದುದು ಕಣ್ಣಿಗೆ ಕಟ್ಟಿದ ಹಾಗಿದೆ. ಚಿಕ್ಕಪ್ಪ ಇದನ್ನು ಒಪ್ಪುವುದಿಲ್ಲ. "ಮಳೆಗಾಲ ಮುಗಿಯುತ್ತಾ ಇತ್ತು ಮಾರಾಯ್ತಿ. ಓಟಿನ ದಿನವೇ ಅಲ್ವಾ ನಾನು ಶಾಲೆಯಲ್ಲಿ ಕೊಡೆ ಮರೆತು ಬಂದದ್ದು?" ಎನ್ನುತ್ತಾರೆ. ಎಪ್ಪತ್ತರ ದಶಕ ಮುಗಿಯುತ್ತಿತ್ತು ಎಂಬುದನ್ನು ಮಾತ್ರ ಇಬ್ಬರೂ ಒಪ್ಪುತ್ತೇವೆ.

ಆ ಕಾಲದಲ್ಲಿ ನಾನು ದಿನಾ ಡೈರಿ ಬರೆಯುತ್ತಿದ್ದೆ. ಹಾಗಾಗಿ ಇಂಥ ಜಗಳ ಸುಲಭದಲ್ಲಿ ತೀರಬೇಕಿತ್ತು. ಆದರೆ ಈಗ ತೆಗೆದು ಓದಿದರೆ ನಾನು ಬರೆದದ್ದೆಲ್ಲ ಬಹುತೇಕ ನನ್ನ ಬಗ್ಗೆಯೇ. "ಇಂದು ಮನಸ್ಸಿಗೆ ಏನೋ ಬೇಸರ" ಎಂದು ಒಂದು ಪುಟ. "ಬಂಗುಡೆ ಮೀನು ಚೆನ್ನಾಗಿತ್ತು" ಎಂದು ಮತ್ತೊಂದು. ಊರೇ ಮಾತಾಡಿಕೊಂಡ ಸಂಗತಿಗೆ ಅದರಲ್ಲಿ ಒಂದೂವರೆ ಸಾಲು ಕೂಡ ಸಿಕ್ಕಿಲ್ಲ. ಇನ್ನೊಂದು ತೊಂದರೆಯೂ ಉಂಟು. ನಾವು ಮಾತಾಡುತ್ತಿದ್ದದ್ದು ತುಳುವಿನಲ್ಲಿ, ನಾನು ಬರೆಯುವುದು ಕನ್ನಡದಲ್ಲಿ. ಮುಂದೆ ಬರುವ ಮಾತುಗಳನ್ನು ಯಾರೂ ಈ ರೂಪದಲ್ಲಿ ಆಡಿದ್ದಲ್ಲ. ಆದರೂ ಆಡಿದ್ದಾರೆ.

ನಮ್ಮ ಮನೆ ಉಡುಪಿಯಲ್ಲಿ. ಅಪ್ಪ ದಿನಾ ಮಣಿಪಾಲಕ್ಕೆ ಹೋಗಿ ಒಂದು ಮುದ್ರಣಾಲಯದಲ್ಲಿ ಪ್ರೂಫ್ ನೋಡುತ್ತಿದ್ದರು. ನಾನು ಮೈಸೂರಿನಲ್ಲಿ ಅರ್ಥಶಾಸ್ತ್ರದ ಎಂ.ಎ. ಓದುತ್ತಿದ್ದೆ. ರಜೆ ಸಿಕ್ಕಿದರೆ ಬ್ಯಾಗನ್ನು ಉಡುಪಿಯಲ್ಲಿ ಇಳಿಸಿ ಎರಡು ದಿನ ಅಮ್ಮನ ಮುಖ ನೋಡಿ ಸೀದಾ ಚಿಕ್ಕಮ್ಮನ ಮನೆಗೆ ಓಡುತ್ತಿದ್ದೆ. ಚಿಕ್ಕಮ್ಮ ಎಂದರೆ ಅಮ್ಮನ ತಂಗಿ. ಅವರ ಮನೆ ಕಾಪುವಿನಿಂದ ಒಳಗೆ, ಶಂಕರಪುರದ ಕಡೆಗೆ. ಚಿಕ್ಕಪ್ಪನಿಗೆ ಕಾಪು ಪೇಟೆಯಲ್ಲಿ ಸೈಕಲ್ ರಿಪೇರಿ ಅಂಗಡಿ. ಮಕ್ಕಳಿಲ್ಲ. ಚಿಕ್ಕಪ್ಪನ ಅಮ್ಮ ಇದ್ದರು. ಚಿಕ್ಕಮ್ಮ ಅವರನ್ನು ಮಾಮಿ ಎನ್ನುತ್ತಿದ್ದರು, ನನಗೆ ಅವರು ಅಜ್ಜಿ.

ಆ ಊರಿನಲ್ಲಿ ಮಲ್ಲಿಗೆ ಗಿಡವಿಲ್ಲದ ಮನೆ ಹುಡುಕಬೇಕು. ಹಿಂದೂಗಳ ಮನೆ, ಕ್ರಿಶ್ಚಿಯನರ ಮನೆ, ಎಲ್ಲ ಕಡೆ ಹಿತ್ತಲಿನಲ್ಲಿ ಮಲ್ಲಿಗೆ. ಬೆಳಕು ಹರಿಯುವಾಗ ಮೊಗ್ಗು ಕೊಯ್ಯುವುದು, ಬಾಳೆನಾರಿನಲ್ಲಿ ಕಟ್ಟುವುದು, ಬಾಳೆಲೆಯಲ್ಲಿ ಸುತ್ತಿ ಊರಿನ ಹೂವೆಲ್ಲ ಸೇರುವ ರಸ್ತೆ ಬದಿಯ ಕಟ್ಟೆಗೆ ಮುಟ್ಟಿಸುವುದು ಹೆಂಗಸರ ಕೆಲಸ. ಅದರಿಂದ ಬಂದ ಹಣವೂ ಅವರದೇ. ಎಂಟುನೂರು ಮೊಗ್ಗಿನ ಮಾಲೆಯನ್ನು ಸುತ್ತಿದರೆ ಒಂದು ಚೆಂಡು. ಕಟ್ಟೆಯಲ್ಲಿ ಯಾರೂ ಚೆಂಡನ್ನು ಬಿಚ್ಚುವುದಿಲ್ಲ, ಎಣಿಸುವುದಿಲ್ಲ. ಕಟ್ಟಿದವಳ ಎದುರಿಗೆ ಎಣಿಸಿದರೆ ಅವಳ ಮನೆಗೆ ಬೈದ ಹಾಗೆ. ಕೊಡುವವಳಿಗೂ ಆ ದಿನದ ದರ ಗೊತ್ತಿರುವುದಿಲ್ಲ. ಶಂಕರಪುರದಲ್ಲಿ ದರ ನಿಶ್ಚಯವಾಗಿ ಸುದ್ದಿ ಬಾಯಿಂದ ಬಾಯಿಗೆ ಬರುವಷ್ಟರಲ್ಲಿ ಹೂವು ಉಡುಪಿಗೋ ಕಾರ್ಕಳಕ್ಕೋ ಬಸ್ಸು ಹತ್ತಿ ಹೋಗಿರುತ್ತದೆ.

ಇದನ್ನು ಮೈಸೂರಿನ ಹಾಸ್ಟೆಲಿನಲ್ಲಿ ಹೇಳಿದಾಗ ನನ್ನ ರೂಮಿನ ಗೆಳತಿ ಬಿದ್ದು ಬಿದ್ದು ನಕ್ಕಿದ್ದಳು. "ಎಣಿಸದೆ ತಗೊಳ್ಳೋನು, ದರ ಕೇಳದೆ ಕೊಡೋಳು. ನಿಮ್ಮೂರಲ್ಲಿ ಬುದ್ಧಿ ಇರೋರು ಯಾರೂ ಇಲ್ವೇನೇ?"

ನನಗೆ ಸಿಟ್ಟು ಬಂದಿತ್ತು.

ಆ ಸಲದ ರಜೆಯಲ್ಲಿ ಹೋದಾಗ ಚಿಕ್ಕಮ್ಮ ಪಂಚಾಯತು ಚುನಾವಣೆಗೆ ನಿಂತಿದ್ದರು. ನಿಂತದ್ದು ಎನ್ನುವುದಕ್ಕಿಂತ ಹೆಂಗಸರು ಎಬ್ಬಿಸಿ ನಿಲ್ಲಿಸಿದ್ದು ಎನ್ನಬೇಕು. ಕುಡಿಯುವ ನೀರಿನ ಬಾವಿ, ಕಟ್ಟೆಗೆ ಹೋಗುವ ದಾರಿಯ ಮೋರಿ, ಇಂಥ ಎರಡು ಮೂರು ವಿಷಯಕ್ಕೆ ಚಿಕ್ಕಮ್ಮ ಪಂಚಾಯತು ಕಚೇರಿಗೆ ಹೋಗಿ ಜಗಳವಾಡಿ ಬಂದಿದ್ದರು. ಹೇಗೂ ಜಗಳವಾಡುವವಳು, ಒಳಗೆ ಕುಳಿತೇ ಆಡಲಿ ಎಂದು ಹೆಂಗಸರು ತೀರ್ಮಾನಿಸಿದರು. ಎದುರಿಗೆ ನಿಂತವರು ನಿವೃತ್ತ ಮಾಸ್ತರರು. ಚಿಕ್ಕಮ್ಮನಿಗೆ ಒಂದರಿಂದ ನಾಲ್ಕರವರೆಗೆ ಲೆಕ್ಕ ಕಲಿಸಿದವರೇ. ಇಬ್ಬರೂ ದಾರಿಯಲ್ಲಿ ಸಿಕ್ಕಿದರೆ ಚಿಕ್ಕಮ್ಮ ಸೆರಗು ಸರಿಮಾಡಿ ಬದಿಗೆ ನಿಲ್ಲುವರು. ಮಾಸ್ತರರು, "ಎಂತ, ಓಟು ಕೇಳಲಿಕ್ಕೆ ಹೊರಟದ್ದಾ? ನಮ್ಮ ಮನೆಗೂ ಹೋಗು. ನನ್ನ ಹೆಂಡತಿ ಎಲ್ಲಿಗೆ ಹಾಕುತ್ತಾಳೆ ಅಂತ ನನಗೇ ಗೊತ್ತಿಲ್ಲ" ಎನ್ನುವರು.

ಅಪ್ಪ ಮಣಿಪಾಲದಿಂದ ಒಂದು ಕರಪತ್ರ ಮಾಡಿಸಿ ಕಳಿಸಿದ್ದರು. "ನಿಮ್ಮ ನಂಬಿಕೆಗೆ ಯೋಗ್ಯರು" ಎಂದು ದಪ್ಪಕ್ಷರದಲ್ಲಿ. ಒಂದೂ ತಪ್ಪಿಲ್ಲದ ಕರಪತ್ರ. ಅದನ್ನು ಯಾರೂ ಓದಲಿಲ್ಲ ಎಂದು ಅಪ್ಪನಿಗೆ ಕೊನೆಯವರೆಗೂ ಬೇಸರವಿತ್ತು.

ತೊಂದರೆ ಶುರುವಾದದ್ದು ಒಂದು ಹೊಗಳಿಕೆಯಿಂದ. ನಾನು ಬಂದ ವಾರದಲ್ಲೇ ಇರಬೇಕು. ಚಿಕ್ಕಮ್ಮನ ಜೊತೆ ಹೂವು ಕೊಡಲು ಕಟ್ಟೆಗೆ ಹೋಗಿದ್ದೆ. ಕಟ್ಟೆ ನೋಡಿಕೊಳ್ಳುತ್ತಿದ್ದವರು ಒಬ್ಬರು ಬ್ಯಾರಿ ಮುಸ್ಲಿಮರು. ಸೋಡಾ, ಬೀಡಿ, ಬೆಲ್ಲದ ಕ್ಯಾಂಡಿ ಮಾರುವ ಅಂಗಡಿ ಅವರದು. ಅದರ ಮುಂದಿನ ಬೆಂಚೇ ನಮ್ಮ ಕಟ್ಟೆ. ಎಲ್ಲರಿಗೂ ಅವರು ಸಾಹೇಬರು.

"ಅಕ್ಕ, ಒಂದು ಮಾತು ಹೇಳಲಿಕ್ಕುಂಟು. ಬೇಸರ ಮಾಡಬಾರದು" ಎಂದರು.

ಚಿಕ್ಕಮ್ಮನ ಮುಖ ಬಿಳುಚಿತು. ಕಟ್ಟೆಯಲ್ಲಿ ಯಾರಾದರೂ ಹಾಗೆ ಮಾತು ತೆಗೆದರೆ ಅದಕ್ಕೆ ಒಂದೇ ಅರ್ಥ. ಚೆಂಡಿನಲ್ಲಿ ಮೊಗ್ಗು ಕಡಿಮೆ.

"ಕಡಿಮೆ ಬಂತಾ ಸಾಹೇಬ್ರೆ?"

"ಅಯ್ಯೋ, ಕಡಿಮೆ ಅಲ್ಲ. ಕಾರ್ಕಳದ ಹೂವಿನವನು ಬರೇ ನಿಮ್ಮ ಚೆಂಡೇ ಕೇಳುತ್ತಾನೆ. ಮೊದಲು ಆ ಅಕ್ಕನದು ಕಳಿಸಿ, ಉಳಿದವರದು ಆಮೇಲೆ ನೋಡುವ ಅಂತಾನೆ. ನನಗೆ ಇಲ್ಲಿ ಎಲ್ಲರೂ ಒಂದೇ. ಯಾರದು ಮೊದಲು ಕಳಿಸಲಿ ಹೇಳಿ?"

ಚಿಕ್ಕಮ್ಮನಿಗೆ ಜೀವ ಬಂತು. ದಾರಿಯುದ್ದಕ್ಕೂ ನಕ್ಕೊಂಡೇ ಬಂದರು. ಗಿಡಕ್ಕೆ ನೆಲಗಡಲೆ ಹಿಂಡಿ ಹಾಕಿದ್ದರಿಂದ ಮೊಗ್ಗು ಪುಷ್ಟಿಯಾಗಿದೆ, ಅದಕ್ಕೇ ಬೇಡಿಕೆ ಎಂದು ಅವರೇ ಕಾರಣ ಕಂಡುಹಿಡಿದರು. ಹಿಂಡಿ ಹಾಕಿದ್ದಕ್ಕೂ ಒಂದು ಕಾರಣವಿತ್ತು. ಕೊಯ್ಯುವಾಗ ಬುಟ್ಟಿ ತುಂಬುತ್ತಿತ್ತು, ಕಟ್ಟಿದಾಗ ಚೆಂಡುಗಳ ಸಂಖ್ಯೆ ಮೊದಲಿನಷ್ಟು ಆಗುತ್ತಿರಲಿಲ್ಲ. ಗಿಡ ಸೋತಿದೆ ಎಂದು ಅವರು ಭಾವಿಸಿದ್ದರು. ಬುಟ್ಟಿ ತುಂಬುವಾಗ ಗಿಡ ಸೋತದ್ದು ಹೇಗೆ ಎಂದು ಅರ್ಥಶಾಸ್ತ್ರ ಓದಿದ ನಾನೂ ಕೇಳಲಿಲ್ಲ.

ಎರಡು ದಿನವಾದ ಮೇಲೆ ಪಕ್ಕದ ಕ್ರಿಶ್ಚಿಯನ್ ಮನೆಯ ಬಾಯಮ್ಮ ಇನ್ನೂ ನಾಲ್ಕೈದು ಹೆಂಗಸರ ಜೊತೆ ಅಂಗಳಕ್ಕೆ ಬಂದರು. ಬಾಯಮ್ಮ ಚಿಕ್ಕಮ್ಮನ ಆಪ್ತ ಗೆಳತಿ. ಚುನಾವಣೆಗೆ ನಿಲ್ಲು ಎಂದು ಮೊದಲು ಹೇಳಿದವರೂ ಅವರೇ. ಅವರು ಜಗಲಿಗೆ ಹತ್ತದೆ ಅಂಗಳದಲ್ಲೇ ನಿಂತಾಗಲೇ ನನಗೆ ಏನೋ ಸರಿಯಿಲ್ಲ ಅನ್ನಿಸಿತು.

"ಅಕ್ಕ, ನಿಮ್ಮ ಚೆಂಡು ದಪ್ಪ ಆಗ್ತಾ ಉಂಟು" ಎಂದರು ಬಾಯಮ್ಮ.

"ಹಿಂಡಿ ಹಾಕಿದ್ದೇನೆ ಬಾಯಮ್ಮ. ನೀವೂ ಹಾಕಿ."

"ಹಿಂಡಿ ಹಾಕಿದರೆ ಮೊಗ್ಗು ದಪ್ಪ ಆಗ್ತದೆ. ಮಾಲೆ ಉದ್ದ ಆಗ್ತದಾ?"

ಹಿಂದೆ ನಿಂತವರಲ್ಲಿ ಒಬ್ಬಳು ಕಿಸಕ್ಕನೆ ನಕ್ಕಳು. ಇನ್ನೊಬ್ಬಳು, ನಾಲಗೆ ಸ್ವಲ್ಪ ಚುರುಕಿನವಳು, ಹೇಳಿಯೇಬಿಟ್ಟಳು. "ಹಾಲಿಗೆ ನೀರು ಬೆರೆಸುವವರನ್ನು ನೋಡಿದ್ದೇವೆ. ಹೂವಿಗೆ ಹೂವು ಬೆರೆಸುವವರನ್ನು ಈಗಲೇ ನೋಡಿದ್ದು!"

ಅವರ ದೂರು ಹೀಗಿತ್ತು. ಸೀಸನ್ನಿನಲ್ಲಿ ಹೂವು ರಾಶಿ ಬೀಳುತ್ತದೆ. ಮದುವೆಯಿಲ್ಲದ ದಿನಗಳಲ್ಲಿ ಎಲ್ಲ ಚೆಂಡೂ ಖರ್ಚಾಗುವುದಿಲ್ಲ. ಒಂದೇ ದರಕ್ಕೆ ಚಿಕ್ಕಮ್ಮನ ಚೆಂಡಿನಲ್ಲಿ ಹೆಚ್ಚು ಹೂವು ಸಿಗುವಾಗ ಕಾರ್ಕಳದವನು ಅದನ್ನೇ ಮೊದಲು ಎತ್ತಿಕೊಳ್ಳುತ್ತಾನೆ, ಉಳಿಯುವುದು ಇವರದು. ಸಾಲದ್ದಕ್ಕೆ, ಸರಿಯಾಗಿ ಎಂಟುನೂರು ಕಟ್ಟಿದವರ ಚೆಂಡನ್ನೂ ಅವನು ಕೈಯಲ್ಲಿ ತೂಗಿ, "ಇದು ಸ್ವಲ್ಪ ಸಣ್ಣ ಉಂಟಲ್ವಾ?" ಎಂದು ಕೇಳಲು ಶುರುಮಾಡಿದ್ದಾನೆ. ಹುಟ್ಟಿದಾಗಿನಿಂದ ಕಡಿಮೆ ಕಟ್ಟದ ಕೈಗಳಿಗೆ ಆ ಮಾತು ಕೇಳುವ ಹಾಗಾಯಿತು. ಅದೂ ಓಟು ಕೇಳುವವಳ ದೆಸೆಯಿಂದ.

"ಹೆಸರು ಬರಲಿ ಅಂತ ಮಾಡಿದ್ದಾದರೆ ಹೇಳಿ ಅಕ್ಕ. ಹೆಸರು ನಾವೇ ಕೊಡ್ತಿದ್ದೆವು. ಹೂವು ಯಾಕೆ ಹಾಳು ಮಾಡುವುದು?" ಎಂದರು ಬಾಯಮ್ಮ. ಭಾನುವಾರ ಮಧ್ಯಾಹ್ನ ಎಲ್ಲರೂ ಬರುವುದು, ಆಗ ಚಿಕ್ಕಮ್ಮ ಒಂದು ಮಾತು ಹೇಳುವುದು ಎಂದು ನಿಶ್ಚಯಿಸಿ ಹೋದರು. ಚಿಕ್ಕಮ್ಮ ಕೊಟ್ಟ ಮಜ್ಜಿಗೆಯನ್ನು ಯಾರೂ ಕುಡಿಯಲಿಲ್ಲ. ಚಿಕ್ಕಮ್ಮನಿಗೆ ಮಾತಿಗಿಂತ ಅದು ಹೆಚ್ಚು ತಾಗಿತು.

ಮರುದಿನ ನಾನೂ ಚಿಕ್ಕಮ್ಮನೂ ಕಾರ್ಕಳಕ್ಕೆ ಹೊರಟೆವು. ಆ ಬಸ್ಸಿನ ಪ್ರಯಾಣ ನನಗೆ ಚೆನ್ನಾಗಿ ನೆನಪಿದೆ. ಅಥವಾ ಆ ದಾರಿಯಲ್ಲಿ ಮಾಡಿದ ಎಲ್ಲ ಪ್ರಯಾಣಗಳೂ ಸೇರಿ ಒಂದಾಗಿರಬಹುದು. ಕಂಡಕ್ಟರ್ ಒಬ್ಬ ಯಾರದೋ ಮನೆಯ ಹಲಸಿನ ಹಣ್ಣನ್ನು ನನ್ನ ಕಾಲ ಬಳಿ ಇಟ್ಟು, "ಉರುಳದ ಹಾಗೆ ನೋಡಿಕೊಳ್ಳಿ ಅಕ್ಕ, ಮುಂದಿನ ಸ್ಟಾಪಿನಲ್ಲಿ ಜನ ಬರ್ತಾರೆ" ಎಂದ. ಜನ ಬರಲಿಲ್ಲ. ಕಾರ್ಕಳದವರೆಗೆ ನಾನು ಅದನ್ನು ಕಾಲಲ್ಲಿ ಒತ್ತಿ ಹಿಡಿದುಕೊಂಡಿದ್ದೆ.

ಹೂವಿನವನ ಅಂಗಡಿ ಬಸ್ ನಿಲ್ದಾಣದ ಹತ್ತಿರವೇ. ಚಿಕ್ಕಮ್ಮ ತಾನು ಯಾರು ಎಂದು ಹೇಳುತ್ತಲೇ ಅವನು ಎದ್ದು ನಿಂತು ಸ್ಟೂಲು ಒರೆಸಿ ಕೊಟ್ಟ.

"ಓಹೋ, ಬನ್ನಿ ಅಕ್ಕ! ನಿಮ್ಮನ್ನು ನೋಡಬೇಕು ಅಂತ ಎಷ್ಟು ದಿನದಿಂದ! ಏಯ್, ಎರಡು ಶರಬತ್ತು ಹೇಳು."

"ಶರಬತ್ತು ಆಮೇಲೆ. ನನ್ನ ಚೆಂಡಿನಲ್ಲಿ ಎಷ್ಟು ಮೊಗ್ಗು ಉಂಟು? ನೀವು ಎಣಿಸಿದ್ದೀರಾ?"

"ಛೆ, ಎಣಿಸುವುದುಂಟಾ? ನಾನು ಮೊಳ ಹಾಕಿ ಮಾರುವವನು. ಬೇರೆಯವರ ಚೆಂಡು ಇಷ್ಟು ಮೊಳ ಬರ್ತದೆ ಅಂತ ಲೆಕ್ಕ ಉಂಟು. ನಿಮ್ಮದು ಮಾರಿ ಮುಗಿಯಿತು ಅಂದುಕೊಳ್ಳುವಾಗ ಇನ್ನೂ ಸ್ವಲ್ಪ ಬಾಲ ಉಳೀತದೆ. ಮೊದಲ ಸಲ ನನ್ನ ಹೆಂಡತಿ ಮುಡಿದುಕೊಂಡಳು. ದಿನಾ ಉಳಿದರೆ ಎಂತ ಮಾಡುವುದು, ಅದನ್ನೂ ಮಾರಿದೆ."

"ಅದನ್ನು ನನಗೆ ಹೇಳಬಾರದಿತ್ತಾ?"

ಅವನಿಗೆ ನಿಜವಾಗಿಯೂ ಆಶ್ಚರ್ಯವಾಯಿತು. "ಕಡಿಮೆ ಬಂದಿದ್ದರೆ ಹೇಳುತ್ತಿದ್ದೆ ಅಕ್ಕ. ಹೆಚ್ಚು ಬಂದರೆ ಯಾರು ಹೇಳ್ತಾರೆ?"

ಚಿಕ್ಕಮ್ಮ ಶರಬತ್ತು ಕುಡಿಯದೆ ಎದ್ದರು. ನಾನು ಕುಡಿದೆ. ಬಿಸಿಲಿತ್ತು, ತಂದಿಟ್ಟಿದ್ದರು. (ಬಿಸಿಲಿತ್ತು ಎಂದು ಬರೆಯುವಾಗ ಚಿಕ್ಕಪ್ಪನ ಕೊಡೆ ಅಡ್ಡ ಬರುತ್ತದೆ. ಇರಲಿ.)

ಮನೆಯಲ್ಲಿ ಹೂವು ಕಟ್ಟುತ್ತಿದ್ದವರು ಇಬ್ಬರೇ, ಚಿಕ್ಕಮ್ಮ ಮತ್ತು ಅಜ್ಜಿ. ನನ್ನ ಕೈ ಕೊಯ್ಯಲಿಕ್ಕೆ ಮಾತ್ರ ಎಂದು ಅಜ್ಜಿ ಎಂದೋ ತೀರ್ಪು ಕೊಟ್ಟಿದ್ದರು. ಚಿಕ್ಕಮ್ಮ ತಾನು ಕಟ್ಟಿದ ಚೆಂಡನ್ನು ಬಿಚ್ಚಿ ಎಣಿಸಿದರು. ಸರಿಯಾಗಿತ್ತು. ಮರುದಿನ ಬೆಳಿಗ್ಗೆ ನನ್ನನ್ನು ಅಜ್ಜಿಯ ಪಕ್ಕದಲ್ಲಿ ಕುಳಿತುಕೊಳ್ಳಲು ಹೇಳಿ ತಾವು ಬಾಗಿಲ ಹತ್ತಿರ ಅಕ್ಕಿ ಆರಿಸುತ್ತ ಕುಳಿತರು.

ಅಜ್ಜಿಯ ಎಣಿಕೆಗೆ ಎಂಟು ಹುಣಸೆಬೀಜ ಬೇಕು. ನೂರು ಮೊಗ್ಗು ಕಟ್ಟಿದರೆ ಒಂದು ಬೀಜ ಎಡಗಡೆಯಿಂದ ಬಲಗಡೆಗೆ. ಎಡಗಡೆ ಖಾಲಿಯಾದರೆ ಚೆಂಡು ಪೂರ್ತಿ. ಅವರ ಬೆರಳು ಎಷ್ಟು ಬೇಗ ಓಡುತ್ತಿತ್ತು ಎಂದರೆ ಗಂಟು ಬೀಳುವುದು ಕಾಣುತ್ತಿರಲಿಲ್ಲ, ಮಾಲೆ ಬೆಳೆಯುವುದು ಮಾತ್ರ ಕಾಣುತ್ತಿತ್ತು. ಜೊತೆಗೆ ಬಾಯಿಯೂ ಓಡುತ್ತಿತ್ತು. ಅಂದು ತನ್ನ ಮದುವೆಯ ದಿಬ್ಬಣದಲ್ಲಿ ಅಡುಗೆಯವರು ಓಡಿಹೋದ ಕಥೆ ಹೇಳುತ್ತಿದ್ದರು. ಅಡುಗೆಯವರು ಓಡಿ ಗದ್ದೆಯ ಬದು ದಾಟುವ ಹೊತ್ತಿಗೆ ಅಜ್ಜಿ ಒಮ್ಮೆ ನಿಂತರು. ಬಲಗಡೆಯ ಬೀಜಗಳನ್ನು ನೋಡಿದರು. ತುಟಿ ಅಲ್ಲಾಡಿತು. ಆಮೇಲೆ ಒಂದು ಬೀಜವನ್ನು ಎತ್ತಿ ಮೆಲ್ಲಗೆ ಎಡಗಡೆಗೇ ವಾಪಸು ಇಟ್ಟರು.

"ಅಜ್ಜಿ, ಅದು ಆಯಿತಲ್ಲ?" ಎಂದೆ.

"ಆಯಿತೋ ಇಲ್ಲವೋ. ಅನುಮಾನ ಬಂದರೆ ಹೆಚ್ಚೇ ಹಾಕಬೇಕು ಮಗಾ. ಕಡಿಮೆ ಹೋಗಬಾರದು. ನನ್ನ ಚೆಂಡನ್ನು ಇಷ್ಟು ವರ್ಷದಲ್ಲಿ ಒಬ್ಬನೂ ಬಿಚ್ಚಿ ನೋಡಲಿಲ್ಲ ಗೊತ್ತುಂಟಾ?"

ಆ ಚೆಂಡು ಮುಗಿಯುವ ಮೊದಲು ಅವರಿಗೆ ಇನ್ನೊಮ್ಮೆ ಅನುಮಾನ ಬಂತು. ಅಡುಗೆಯವರು ಅಷ್ಟರಲ್ಲಿ ಎರಡನೇ ಸಲ ಓಡುತ್ತಿದ್ದರು. ಚಿಕ್ಕಮ್ಮ ಬಾಗಿಲಲ್ಲಿ ಅಕ್ಕಿ ಆರಿಸುವುದನ್ನು ನಿಲ್ಲಿಸಿ ಸುಮ್ಮನೆ ಮೊರ ಹಿಡಿದು ಕುಳಿತಿದ್ದರು.

ಆ ಸಂಜೆ ಬಾವಿಕಟ್ಟೆಯ ಹತ್ತಿರ ನಾವು ಮೂವರು ಮಾತಾಡಿಕೊಂಡೆವು. ಚಿಕ್ಕಪ್ಪನಿಗೆ ಇದರಲ್ಲಿ ಕಷ್ಟವೇನೂ ಕಾಣಲಿಲ್ಲ. "ಇದ್ದದ್ದು ಹೇಳಿಬಿಡು. ಅಮ್ಮನಿಗೆ ವಯಸ್ಸಾಗಿದೆ, ಎಣಿಕೆ ತಪ್ಪುತ್ತದೆ ಅಂತ. ಯಾರು ಬೈತಾರೆ?"

"ಬೈಯುವುದಿಲ್ಲ. ಅಯ್ಯೋ ಪಾಪ ಅಂತಾರೆ" ಎಂದರು ಚಿಕ್ಕಮ್ಮ. "ಈ ಕೇರಿಯ ಅರ್ಧ ಹೆಂಗಸರಿಗೆ ಕಟ್ಟಲಿಕ್ಕೆ ಕಲಿಸಿದ್ದು ಮಾಮಿ. ಬಾಯಮ್ಮನಿಗೂ ಅವರೇ. ನಾಳೆಯಿಂದ ಎಲ್ಲರೂ ಪಾಪ ಅಂತ ನೋಡಿದರೆ ಅವರು ನಾರು ಮುಟ್ಟುತ್ತಾರಾ?"

"ಹಾಗಾದರೆ ನಿನ್ನ ಓಟು?"

"ಓಟು!" ಎಂದು ಚಿಕ್ಕಮ್ಮ ಕೊಡಪಾನ ಎತ್ತಿಕೊಂಡು ಒಳಗೆ ಹೋದರು.

ನಾನು ಸತ್ಯದ ಪಕ್ಷ. ವಿಶ್ವವಿದ್ಯಾಲಯದಲ್ಲಿ ಓದುವವರು ಆ ವಯಸ್ಸಿನಲ್ಲಿ ಬೇರೆ ಯಾವ ಪಕ್ಷಕ್ಕೆ ಸೇರುತ್ತಾರೆ? ಸಾರ್ವಜನಿಕ ಜೀವನಕ್ಕೆ ಬರುವವರು ಮೊದಲ ಹೆಜ್ಜೆಯಲ್ಲೇ ಏನನ್ನೂ ಮುಚ್ಚಿಡಬಾರದು ಎಂದು ಊಟದ ಹೊತ್ತಿಗೆ ಒಂದು ಸಣ್ಣ ಭಾಷಣ ಮಾಡಿದೆ. ಅಜ್ಜಿ ಎದುರಿಗೇ ಇದ್ದುದರಿಂದ ವಿಷಯ ಏನೆಂದು ಹೇಳದೆ ಮಾಡಬೇಕಾಗಿತ್ತು. ಅಜ್ಜಿ ಗಮನವಿಟ್ಟು ಕೇಳಿ, "ಚೆನ್ನಾಗಿ ಮಾತಾಡುತ್ತಾಳೆ. ಇವಳನ್ನೇ ಓಟಿಗೆ ನಿಲ್ಲಿಸಬೇಕಿತ್ತು" ಎಂದರು.

ಭಾನುವಾರ ಬಂತು. ಇಗರ್ಜಿಗೆ ಹೋಗಿ ಬಂದವರು, ಊಟ ಮುಗಿಸಿದವರು, ಬರೇ ನೋಡಲಿಕ್ಕೆಂದೇ ಬಂದವರು, ಅಂಗಳ ತುಂಬಿತು. ಅಜ್ಜಿ ಜಗಲಿಯ ಮೂಲೆಯಲ್ಲಿ ಮರುದಿನಕ್ಕೆ ಬಾಳೆನಾರು ಸೀಳುತ್ತಿದ್ದರು. ಜನ ಸೇರಿದ್ದು ಓಟಿನ ವಿಷಯಕ್ಕೆ ಎಂದು ತಿಳಿದಿದ್ದರು. ಚಿಕ್ಕಮ್ಮ ಕಂಬದ ಹತ್ತಿರ ನಿಂತು ಮಾತು ಶುರುಮಾಡಿದರು. ಕಾರ್ಕಳಕ್ಕೆ ಹೋಗಿ ವಿಚಾರಿಸಿದ್ದೇನೆ ಎಂದರು. ನೀವು ಹೇಳಿದ್ದು ನಿಜ, ನಮ್ಮ ಮನೆಯ ಚೆಂಡಿನಲ್ಲಿ ಮೊಗ್ಗು ಹೆಚ್ಚು ಹೋಗಿದೆ ಎಂದರು.

"ಬೇಕಂತ ಮಾಡಿದ್ದಲ್ಲ. ಎಣಿಕೆ ತಪ್ಪಿದ್ದು. ನನ್ನದೇ ತಪ್ಪು."

ನಾನು ತಲೆ ತಗ್ಗಿಸಿದೆ. ಸುಳ್ಳು ಎಂದು ನನಗೆ ಗೊತ್ತಿತ್ತು. ಚಿಕ್ಕಪ್ಪ ಆಕಾಶ ನೋಡುತ್ತಿದ್ದರು. ಆಗ ಜಗಲಿಯ ಮೂಲೆಯಿಂದ ಅಜ್ಜಿಯ ಸ್ವರ ಬಂತು, ಜೋರಾಗಿ.

"ನಾನು ಎಷ್ಟು ಸಲ ಹೇಳಿದ್ದೇನೆ ನಿನಗೆ? ಕಟ್ಟುವಾಗ ಮಾತಾಡಬೇಡ, ಎಣಿಕೆ ತಪ್ಪುತ್ತದೆ ಅಂತ! ಕೇಳಿದರೆ ಅಲ್ವಾ! ಓಟು ಓಟು ಅಂತ ತಲೆಯೆಲ್ಲ ಪಂಚಾಯತಿನಲ್ಲಿ!"

"ಹೌದು ಮಾಮಿ" ಎಂದರು ಚಿಕ್ಕಮ್ಮ.

"ಹೌದು ಅಂದರೆ ಆಗಲಿಲ್ಲ. ನಾಳೆಯಿಂದ ಹುಣಸೆಬೀಜ ಇಟ್ಟುಕೊಂಡು ಕಟ್ಟು, ನನ್ನ ಹಾಗೆ."

ಮೊದಲು ಬಾಯಮ್ಮ ನಕ್ಕರು. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು. ಆಮೇಲೆ ಇಡೀ ಅಂಗಳ ನಕ್ಕಿತು. ಅಜ್ಜಿಯೂ, ತನ್ನ ಮಾತು ಹಿಡಿಸಿತು ಎಂದು ತಿಳಿದು, ನಕ್ಕರು. ನಾಲಗೆ ಚುರುಕಿನವಳು ಬಿಡಲಿಲ್ಲ. "ಎಂಟುನೂರು ಎಣಿಸಲಿಕ್ಕೆ ಬಾರದವರು ಪಂಚಾಯತಿನ ಲೆಕ್ಕ ಎಂತ ನೋಡ್ತೀರಿ ಅಕ್ಕ?"

"ಅದಕ್ಕೇ ನಿಮ್ಮೆಲ್ಲರನ್ನು ಕೇಳುವುದು" ಎಂದರು ಚಿಕ್ಕಮ್ಮ. "ದಿನಾ ಯಾರಾದರೂ ಒಬ್ಬರು ಬಂದು ನನ್ನ ಮನೆಯ ಚೆಂಡು ನೋಡಿ. ಮತ್ತೆ, ಇನ್ನೊಂದು ವಾರ ನನ್ನ ಹೂವು ಕೊನೆಗೆ ಹೋಗಲಿ. ನಿಮ್ಮದೆಲ್ಲ ಖರ್ಚಾಗಿ ಉಳಿದರೆ ಮಾತ್ರ ನನ್ನದು."

ಆ ದಿನ ಮಜ್ಜಿಗೆಯ ಹಂಡೆ ಖಾಲಿಯಾಯಿತು.

ಆ ವಾರ ನಮ್ಮ ಮನೆಯಲ್ಲಿ ಉಳಿದ ಮಲ್ಲಿಗೆಯನ್ನು ಏನು ಮಾಡುವುದು ಎಂದೇ ತಿಳಿಯುತ್ತಿರಲಿಲ್ಲ. ದೇವರ ಪಟಗಳು ಮುಚ್ಚಿಹೋದವು. ನಾನು ಮದುಮಗಳ ಹಾಗೆ ಮುಡಿದುಕೊಂಡು ಸುಮ್ಮನೆ ಬಾವಿಯಿಂದ ನೀರು ಸೇದುತ್ತಿದ್ದೆ. ಕರುವಿನ ಕುತ್ತಿಗೆಗೊಂದು ಮಾಲೆ ಬಿತ್ತು, ಅರ್ಧವನ್ನು ಅದೇ ತಿಂದಿತು. ಚಿಕ್ಕಪ್ಪನ ಅಂಗಡಿಗೆ ಪಂಕ್ಚರ್ ಹಾಕಿಸಲು ಬಂದ ಸೈಕಲುಗಳು ಹ್ಯಾಂಡಲಿಗೆ ಮಲ್ಲಿಗೆ ಕಟ್ಟಿಸಿಕೊಂಡು ಹೋದವು. ಈ ಕೊನೆಯದನ್ನು ನಾನು ನೋಡಿದ್ದಲ್ಲ, ಚಿಕ್ಕಪ್ಪ ಹೇಳಿದ್ದು. ಅವರ ಮಾತಿನಲ್ಲಿ ಯಾವಾಗಲೂ ಹತ್ತು ಮೊಗ್ಗು ಹೆಚ್ಚು.

ಚೆಂಡು ನೋಡಲು ದಿನಕ್ಕೊಬ್ಬರು ಎಂದು ಮಾತಾಗಿದ್ದರೂ ಬಂದದ್ದು ಬಾಯಮ್ಮ ಒಬ್ಬರೇ. ತಮ್ಮ ಮೊಗ್ಗಿನ ಬುಟ್ಟಿಯನ್ನೂ ತಂದು ಅಜ್ಜಿಯ ಪಕ್ಕದಲ್ಲೇ ಕುಳಿತು ಕಟ್ಟುತ್ತಿದ್ದರು. ಅಜ್ಜಿ ಕಥೆ ಹೇಳುವರು, ಬಾಯಮ್ಮ ಹೂಂಗುಟ್ಟುವರು. ಅಜ್ಜಿ ಒಂದು ಬೀಜ ಎತ್ತಿ ಹಿಂದಕ್ಕೆ ಇಡಲು ಹೋದರೆ, "ಅದು ಆಯಿತು ಅಮ್ಮ, ನಾನು ನೋಡಿದೆ. ಮತ್ತೆ ಆ ಅಡುಗೆಯವರು ಎಂತ ಆದರು?" ಎನ್ನುವರು. ಅಜ್ಜಿಯ ಕೈ ಅಲ್ಲೇ ನಿಲ್ಲುತ್ತಿತ್ತು. ಪಾಪ ಆ ಬಾಯಮ್ಮನಿಗೆ ಒಬ್ಬಳೇ ಕುಳಿತು ಕಟ್ಟಲು ಬೇಸರವಂತೆ, ಅದಕ್ಕೆ ನನ್ನ ಹತ್ತಿರ ಬರುತ್ತಾಳೆ ಎಂದು ಅಜ್ಜಿ ನನಗೆ ಗುಟ್ಟಾಗಿ ಹೇಳಿದ್ದರು. ನಾನು ಮೈಸೂರಿಗೆ ಮರಳಿದ ಮೇಲೂ, ಎಂಬತ್ತರ ದಶಕದಲ್ಲಿ ಮಣಿಪಾಲದಲ್ಲಿ ಕೆಲಸಕ್ಕೆ ಸೇರಿದ ಮೇಲೂ ಅದು ಹಾಗೆಯೇ ನಡೆದಿತ್ತು. ಅಜ್ಜಿ ತೀರುವ ಹಿಂದಿನ ಮಳೆಗಾಲದವರೆಗೆ ಅವರ ಚೆಂಡನ್ನು ಕಟ್ಟೆಯಲ್ಲಿ ಯಾರೂ ಬಿಚ್ಚಲಿಲ್ಲ.

ಚಿಕ್ಕಮ್ಮ ಗೆದ್ದರು. ಎಷ್ಟು ಓಟಿನಿಂದ ಎಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಮಾಸ್ತರರು ಮನೆಗೇ ಬಂದು ಶಾಲೆಯ ಅಭ್ಯಾಸದಂತೆ ಚಿಕ್ಕಮ್ಮನ ಬೆನ್ನಿಗೊಂದು ಗುದ್ದು ಕೊಟ್ಟು, "ಕೂಡಿಸುವ ಲೆಕ್ಕ ನಾನೇ ಕಲಿಸಿದ್ದು. ಆಗಲೂ ನಿನ್ನದು ಹೆಚ್ಚೇ ಬರುತ್ತಿತ್ತು" ಎಂದರು. ಜೊತೆಗೆ ಬಂದಿದ್ದ ಮಾಸ್ತರರ ಹೆಂಡತಿ ಬಾಗಿಲಲ್ಲಿ ನಿಂತು ಬೇರೆ ಕಡೆ ನೋಡುತ್ತಿದ್ದರು.

ಇಷ್ಟು ವರ್ಷ ನಾನು ಈ ಕಥೆಯನ್ನು ಹೀಗೆಯೇ ಹೇಳುತ್ತ ಬಂದಿದ್ದೇನೆ. ಸೊಸೆ ಅತ್ತೆಯ ಮಾನ ಉಳಿಸಲು ಊರಿನ ಎದುರು ತನ್ನ ಮೇಲೆ ತಪ್ಪು ಹೊತ್ತುಕೊಂಡಳು, ಗೆಲ್ಲುವ ಆಸೆ ಬಿಟ್ಟು. ಕೇಳಿದವರಿಗೆಲ್ಲ ಇಷ್ಟವಾಗುತ್ತದೆ. ಆದರೆ ಬರೆಯಲು ಕುಳಿತಾಗ ಬಾಯಮ್ಮನ ನಗು ಅಡ್ಡ ಬಂತು. ಅವರು ಅಷ್ಟು ಬೇಗ, ಅಷ್ಟು ಜೋರಾಗಿ ನಕ್ಕದ್ದೇಕೆ? ಅಜ್ಜಿ ಬಾಯಿ ತೆರೆದೊಡನೆ ಅವರಿಗೆ ಎಲ್ಲ ತಿಳಿಯಿತು. ಅವರಿಗೆ ಮಾತ್ರವೇ? ಅಜ್ಜಿಯಿಂದ ಕಟ್ಟಲು ಕಲಿತವರೇ ಅಂಗಳದ ತುಂಬ ಇದ್ದರು. ಕಟ್ಟುವಾಗ ಬಾಯಿ ಮುಚ್ಚದವರು ಆ ಮನೆಯಲ್ಲಿ ಯಾರು ಎಂದು ಊರಿಗೇ ಗೊತ್ತು. ಸತ್ಯ ಎಲ್ಲರಿಗೂ ತಿಳಿಯುತ್ತದೆ, ತಾನು ಮುಚ್ಚಿಟ್ಟದ್ದೂ ತಿಳಿಯುತ್ತದೆ, ಅಂಥವಳಿಗೆ ಓಟು ಹಾಕದೆ ಇರುವವರು ಯಾರು ಎಂದು ಚಿಕ್ಕಮ್ಮನಿಗೆ ಅಂದಾಜು ಇರಲಿಲ್ಲವೇ? ಪಂಚಾಯತು ಕಚೇರಿಯಲ್ಲಿ ಜಗಳವಾಡಿ ಮೋರಿ ಮಾಡಿಸಿದವರು ಅಷ್ಟು ಮುಗ್ಧರಾಗಿರಲು ಸಾಧ್ಯವೇ? ಅಥವಾ ಈ ಅನುಮಾನ ನನ್ನ ಓದಿನ ಕೆಟ್ಟ ಚಾಳಿಯೋ, ಒಳ್ಳೆಯದನ್ನು ಕಂಡರೆ ಅದರ ಬೆಲೆ ಎಷ್ಟು ಎಂದು ಹುಡುಕುವುದು?

ಹೋದ ತಿಂಗಳು ಅವರ ಮನೆಗೆ ಹೋಗಿದ್ದಾಗ, ಚಿಕ್ಕಪ್ಪ ಕೊಡೆಯ ವಿಷಯವನ್ನು ಮತ್ತೆ ಹೇಳಿ ಮುಗಿಸಿ ಒಳಗೆ ಹೋದ ಮೇಲೆ, ನೇರವಾಗಿ ಕೇಳಿದೆ.

"ಚಿಕ್ಕಮ್ಮ, ಆ ದಿನ ನನ್ನದೇ ತಪ್ಪು ಅಂದಿರಲ್ಲ. ಅಜ್ಜಿಗೋಸ್ಕರವಾ, ಓಟಿಗೋಸ್ಕರವಾ?"

ಚಿಕ್ಕಮ್ಮ ನನ್ನನ್ನು ಒಮ್ಮೆ ನೋಡಿದರು. "ನಿನ್ನ ಓಟು ಎಲ್ಲಿತ್ತು ಆಗ?"

"ಉಡುಪಿಯಲ್ಲಿ."

"ಮತ್ತೆ ನಿನಗೆ ಯಾಕೆ?" ಎಂದು ನಕ್ಕು, ಗೇಣುದ್ದ ಮಾಲೆಯೊಂದನ್ನು ತಂದು ನನ್ನ ಜಡೆಗೆ ಸಿಕ್ಕಿಸಿದರು. ಬಸ್ಸಿನಲ್ಲಿ ಬರುವಾಗಲೂ ಯೋಚಿಸುತ್ತಿದ್ದೆ. ಮನೆ ಮುಟ್ಟಿ ಫೋನು ಮಾಡಿ ಇನ್ನೊಮ್ಮೆ ಕೇಳಿದೆ: ಯಾರಿಗೋಸ್ಕರ, ಚಿಕ್ಕಮ್ಮ? "ಜಡೆಯ ಮಾಲೆಯನ್ನೂ ಬಿಚ್ಚಿ ಎಣಿಸಿದೆಯಾ ಹೇಗೆ?" ಎಂದು ನಕ್ಕು ಚಿಕ್ಕಮ್ಮ ಫೋನು ಇಟ್ಟರು.